ಭಾವನ ಜೋಲಿಗೆ ಬೊಂತ

ಚಳಿ ಎಂಬುದು ಮೇಲಿನಿಂದ ಬರುತ್ತದೆ ಎಂದು ಮನುಷ್ಯಕುಲ ಅನಾದಿಯಿಂದ ನಂಬಿಕೊಂಡು ಬಂದಿದೆ. ಸೂರು, ಹೊದಿಕೆ, ರುಮಾಲು, ದೇವರು ಇಷ್ಟನ್ನೂ ಅದು ತನ್ನ ಮೇಲುಗಡೆಗೇ ಇಟ್ಟುಕೊಂಡಿರುವುದು ಈ ಕಾರಣಕ್ಕೇ ಇರಬೇಕು. ನಮ್ಮ ಭಾವನಿಗೆ ಮಾತ್ರ ಚಳಿ ಕೆಳಗಿನಿಂದ ಬಂತು, ಅದೂ ನೇರವಾಗಿ ಪೃಷ್ಠಭಾಗಕ್ಕೆ.

ಭಾವ ಎಂದರೆ ನಮ್ಮಕ್ಕನ ಗಂಡ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಇಪ್ಪತ್ತು ವರ್ಷ ನೆಲದಡಿ ಕೆಲಸ ಮಾಡಿದವರು. ಅಷ್ಟು ಆಳದಲ್ಲಿ ಬಂಡೆಗಳು ಒತ್ತಡ ತಾಳಲಾರದೆ ಒಮ್ಮೊಮ್ಮೆ ತಾವಾಗಿಯೇ ಸಿಡಿಯುತ್ತವೆ. ಅದಕ್ಕೆ ಅಲ್ಲಿನವರು ಬರ್ಸ್ಟ್ ಎನ್ನುತ್ತಿದ್ದರು. ಕೆಳಗೆ ಬರ್ಸ್ಟ್ ಆದರೆ ಮೇಲೆ ಕಾರ್ಮಿಕರ ಲೈನ್ ಮನೆಗಳಲ್ಲಿ ಗೂಡಿನ ತಟ್ಟೆ ಲೋಟಗಳು ಗಡಗಡ ಮಾತಾಡಿಕೊಳ್ಳುತ್ತಿದ್ದವು. ಹೆಂಗಸರು ಒಲೆ ಬಿಟ್ಟು ಬೀದಿಗೆ ಬಂದು, ಗಂಡ ಯಾವ ಷಿಫ್ಟು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನಾನು ಚಿಕ್ಕವನಿದ್ದಾಗ ಹಬ್ಬಕ್ಕೆಂದು ಬಂಗಾರಪೇಟೆಯಿಂದ ರೈಲು ಹತ್ತಿ ಅಕ್ಕನ ಮನೆಗೆ ಹೋದಾಗ ಒಂದು ಸಲ ಹಾಗಾಯಿತು. ನನಗೆ ತಮಾಷೆಯಾಗಿತ್ತು. ಅಕ್ಕನಿಗೆ ಆಗಿರಲಿಲ್ಲ.

ಎಂಬತ್ತರ ದಶಕದ ನಡುವೆ ಭಾವ ಗಣಿ ಕೆಲಸ ಬಿಟ್ಟು, ಹೆಂಡತಿಯೊಂದಿಗೆ ನಮ್ಮೂರಿಗೆ ಬಂದರು. ಊರು ಬಂಗಾರಪೇಟೆಗೆ ಹತ್ತಿರ. ಅಪ್ಪ ಅಮ್ಮ ಅದಾಗಲೇ ತೀರಿಕೊಂಡಿದ್ದರು. ಮನೆಯ ಒಂದು ಭಾಗದಲ್ಲಿ ನಾನು, ನನ್ನ ಹೆಂಡತಿ. ಇನ್ನೊಂದು ಭಾಗ ಖಾಲಿ ಇತ್ತು. ಎರಡು ಹಸು ಕಟ್ಟಿ ಹಾಲು ಹಾಕಿಕೊಂಡು ಇರುತ್ತೇವೆ ಎಂದರು ಭಾವ. ಎಲ್ಲ ಸುಸೂತ್ರವಾಗಿಯೇ ಇತ್ತು, ಒಂದು ಸಂಗತಿಯ ಹೊರತು. ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ತಲೆಯ ಮೇಲೆ ಸೂರು ಇದ್ದರೆ ಅವರ ಕಿವಿ ಅದನ್ನೇ ಆಲಿಸುತ್ತಿತ್ತು. ಗಣಿಯಲ್ಲಿ ಮೇಲಿನ ಬಂಡೆ ಸಿಡಿಯುವ ಮುಂಚೆ ಚಿಟಿಕೆ ಹೊಡೆದಂತೆ ಸಣ್ಣ ಸದ್ದು ಮಾಡುತ್ತದಂತೆ. ಅದನ್ನು ಕೇಳಿಸಿಕೊಂಡವನು ಬದುಕುತ್ತಾನೆ. ನಮ್ಮ ಮನೆಯ ತೊಲೆಯಲ್ಲಿ ಹುಳು ಕೊರೆಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಇಪ್ಪತ್ತು ವರ್ಷ ತಮ್ಮನ್ನು ಬದುಕಿಸಿದ ಕಿವಿಯನ್ನು ನಿವೃತ್ತಿಯಾದ ಮೇಲೆ ಸುಮ್ಮನಿರು ಎಂದರೆ ಅದು ಕೇಳುತ್ತದೆಯೇ? ಹಿತ್ತಿಲಲ್ಲಿ ಮಂಚ ಹಾಕಿಕೊಟ್ಟೆವು. ಸೂರೇನೋ ತಪ್ಪಿತು, ಆದರೆ ಮಂಚದ ನಾಲ್ಕು ಕಾಲು ನೆಲಕ್ಕೆ ತಾಗಿರುತ್ತವೆ ಎಂಬುದು ಅವರ ಆಕ್ಷೇಪಣೆ. ನೆಲ ಅದುರಿದರೆ ಮೊದಲು ಗೊತ್ತಾಗುವುದು ಬೆನ್ನಿಗೆ. ಅದಕ್ಕಾಗಿ ಬೆನ್ನು ಬೆಳಗಿನವರೆಗೂ ಕಾಯುತ್ತಿತ್ತು.

ಕೊನೆಗೆ ಉಪಾಯ ಅವರೇ ಕಂಡುಹಿಡಿದರು. ಗಣಿಯೊಳಕ್ಕೆ ಗಾಳಿ ಊದುವ ಕ್ಯಾನ್ವಾಸಿನ ದಪ್ಪ ಕೊಳವೆ ಇರುತ್ತದಲ್ಲ, ಅದರ ಹಳೆಯ ತುಂಡೊಂದನ್ನು ಗುಜರಿಯವನಿಂದ ತಂದು, ಉದ್ದಕ್ಕೆ ಸೀಳಿ, ಎರಡು ತುದಿಗೂ ಹಗ್ಗ ಪೋಣಿಸಿ, ಹಿತ್ತಿಲಿನ ಎರಡು ಹೊಂಗೆಮರಗಳ ನಡುವೆ ಜೋಲಿ ಕಟ್ಟಿದರು. ಮೇಲೆ ಸೂರಿಲ್ಲ, ಕೆಳಗೆ ನೆಲವಿಲ್ಲ. ಮೊದಲ ದಿನ ಮಲಗಿದವರು ಬಿಸಿಲು ಮುಖಕ್ಕೆ ಬಿದ್ದ ಮೇಲೂ ಏಳಲಿಲ್ಲ. ಅಕ್ಕ ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬಂದಳು.

ಊರಿಗೆ ಇದೊಂದು ಹಬ್ಬವಾಯಿತು. ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಗುವ ಪಕ್ಕದ ಮನೆಯವನು ದಿನಾ ಬೇಲಿಯ ಹತ್ತಿರ ನಿಲ್ಲುತ್ತಿದ್ದ.

“ಏನ್ ಮೇಷ್ಟ್ರೆ, ನಿಮ್ ಬಾವ ಇನ್ನೂ ತೊಟ್ಲಿಂದ ಇಳಿದಿಲ್ವಾ? ಆಲು ಕುಡಿಸ್ಬೇಕಾ ಏಳಿ, ಕ್ಯಾನ್ ಇಲ್ಲೇ ಐತೆ.”

ಭಾವ ಜೋಲಿಯೊಳಗಿಂದಲೇ ಉತ್ತರ ಕೊಡುತ್ತಿದ್ದರು. “ನಿನ್ ಆಲು ಬೇಡ ಕಣಪ್ಪ. ನೀರು ಕುಡಿದ್ರೆ ಶೀತ ಆಯ್ತದೆ.”

ಅಕ್ಕನಿಗೆ ಮಾತ್ರ ನಗು ಬರಲಿಲ್ಲ. “ಏನ್ರೀ ಇದು, ಇಷ್ಟ್ ದೊಡ್ಡ ಮನೆ ಇಕ್ಕಂಡು ಬಾವ್ಲಿ ಅಂಗೆ ಮರದಾಗ ನೇತಾಕ್ಕಂಡ್ರೆ ಊರ್ನೋರು ನನ್ನೇನಂತಾರೆ? ಗಂಡನ್ನ ಆಚಿಗೆ ಆಕವ್ಳೆ ಅಂತಾರೆ.”

“ಅನ್ಲಿ ಬಿಡು. ಇಪ್ಪತ್ತು ವರ್ಸ ಬೂಮ್ತಾಯಿ ಒಟ್ಟೆ ಒಳಗಿದ್ದೆ. ಆಗ್ಯಾರೂ ಏನೂ ಅನ್ಲಿಲ್ಲ.”

ಬೈದಳೇ ಹೊರತು ಅವಳಿಗೂ ಒಳಗೊಳಗೆ ಸಮಾಧಾನವಿತ್ತು. ಮದುವೆಯಾದಂದಿನಿಂದ ಗಂಡ ನಿಶ್ಚಿಂತೆಯಾಗಿ ನಿದ್ದೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಹಸುಗಳ ಕೊಟ್ಟಿಗೆಗೆ ಹೋಗುವಾಗ ಜೋಲಿಯ ಹತ್ತಿರ ಹೆಜ್ಜೆ ಸಣ್ಣದು ಮಾಡಿಕೊಳ್ಳುತ್ತಿದ್ದಳು. ಬೇಸಿಗೆ, ಮಳೆಗಾಲ ಕಳೆಯಿತು. ಮಳೆ ಬಂದ ದಿನ ಮೇಲೊಂದು ತಾಡಪಾಲು ಕಟ್ಟಿಕೊಳ್ಳುತ್ತಿದ್ದರು. ತಾಡಪಾಲು ಸೂರಲ್ಲ, ಬಿದ್ದರೂ ಯಾರೂ ಸಾಯುವುದಿಲ್ಲ ಎಂಬುದು ಅವರ ತೀರ್ಪು.

ಕಾರ್ತೀಕ ಬಂತು. ನಮ್ಮ ಕಡೆಯ ಚಳಿಯನ್ನು ಬೇರೆ ಊರಿನವರು ಲಘುವಾಗಿ ಕಾಣುತ್ತಾರೆ. ಕಾಣಲಿ, ಬೆಳಗಿನ ಮಂಜಿನಲ್ಲಿ ರಾಗಿ ಕಣಕ್ಕೆ ಬಂದು ನಿಂತು ನೋಡಿದರೆ ಗೊತ್ತಾಗುತ್ತದೆ. ಜೋಲಿಯಲ್ಲಿ ಮಲಗಿದವರಿಗೆ ಅದು ಇನ್ನೂ ಬೇರೆ ಥರ. ಮಂಚದಲ್ಲಿ ಕೆಳಗಿನ ಗಾಳಿಗೆ ಹಾಸಿಗೆಯ ಅಡ್ಡಿ ಇರುತ್ತದೆ. ಜೋಲಿಯಲ್ಲಿ ಬೆನ್ನಿಗೂ ಲೋಕಕ್ಕೂ ನಡುವೆ ಒಂದು ಕ್ಯಾನ್ವಾಸು, ಅಷ್ಟೆ. ಭಾವ ಬೆಳಿಗ್ಗೆ ಎದ್ದು ಒಲೆಯ ಮುಂದೆ ಬೆನ್ನು ತಿರುಗಿಸಿ ಕೂರತೊಡಗಿದರು.

“ಮುಂದ್ಗಡೆ ಬೆಂಗ್ಳೂರು, ಇಂದ್ಗಡೆ ಕಾಶ್ಮೀರ ಆಗೈತೆ ಬಾಮೈದ,” ಎಂದರು.

ನಾನು ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು. ಉಷ್ಣದ ವಹನ, ಸಂವಹನ, ವಿಕಿರಣ ಎಂದು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆದು ಅಡಿಗೆರೆ ಹಾಕುವುದು ನನ್ನ ವೃತ್ತಿ. ಅಷ್ಟೂ ವಿದ್ಯೆಯನ್ನು ಒಟ್ಟುಗೂಡಿಸಿ, “ಇನ್ನೊಂದು ಹೊದ್ದುಕೊಳ್ಳಿ” ಎಂದು ಸಲಹೆ ಕೊಟ್ಟೆ. ಹೊದ್ದರು. ಮೇಲೆ ಬೆವರು, ಕೆಳಗೆ ನಡುಕ. ಹಾಸುವ ಬೊಂತವನ್ನು ಜೋಲಿಯೊಳಗೆ ಹಾಸಿ ಮಲಗಿದರು. ಅದರಿಂದಲೂ ಆಗಲಿಲ್ಲ, ಮೈಯ ಭಾರಕ್ಕೆ ಬೊಂತ ಹಪ್ಪಳವಾಗುತ್ತಿತ್ತು. ಎರಡು ಹಾಸಿದರೆ ಎರಡು ಹಪ್ಪಳ.

ಬೊಂತ ಎಂದರೆ ಹಳೆ ಬಟ್ಟೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ದಪ್ಪ ಹೊದಿಕೆ. ಉತ್ತರದ ಕಡೆ ಕೌದಿ ಎನ್ನುತ್ತಾರೆ. ನಮ್ಮ ಮನೆತನದಲ್ಲಿ ಅದರಲ್ಲಿ ಎರಡು ಜಾತಿ. ಹಾಸುವ ಬೊಂತಕ್ಕೆ ಮನೆಯಲ್ಲಿ ಸಿಕ್ಕಿದ ಚಿಂದಿಯೆಲ್ಲ ಆಗುತ್ತದೆ. ಹೊದೆಯುವ ಬೊಂತಕ್ಕೆ ಮಾತ್ರ ತೀರಿಹೋದ ಹಿರಿಯರ ಬಟ್ಟೆ. ಅವರ ಒಳ್ಳೆಯ ಸೀರೆ, ಪಂಚೆಗಳನ್ನು ಒಗೆದು, ಮಡಿಸಿಟ್ಟು, ವರ್ಷ ಕಳೆದ ಮೇಲೆ ಬೊಂತ ಹೊಲಿಯುವುದು. ಅದನ್ನು ಹೊದ್ದು ಮಲಗಿದರೆ ಹಿರಿಯರು ಮೇಲೆ ನಿಂತು ಕಾಯುತ್ತಾರೆ. ಅವರು ಮೇಲೆಯೇ ಇರಬೇಕು. ಕೆಳಗೆ ಹಾಸಬಾರದು, ಕಾಲು ತಾಗಬಾರದು, ತುಳಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು.

ಅಕ್ಕ ಅಪ್ಪನ ಪಂಚೆ, ಅಮ್ಮನ ಸೀರೆಗಳಿಂದ ಅಂಥದೊಂದನ್ನು ಹೊಲಿದಿದ್ದಳು. ಬರೀ ಬಟ್ಟೆಯಲ್ಲ, ನಡುವೆ ನಮ್ಮ ಬೇಲಿಯ ಬೂರುಗದ ಹತ್ತಿ ತುಂಬಿದ್ದಳು. ಆ ಹತ್ತಿ ಬಿಡಿಸಿದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಬಾಗಿಲು ಮುಚ್ಚಿ, ಗಾಳಿಯಾಡದಂತೆ ಮಾಡಿ, ಗಂಡ ಹೆಂಡತಿ ಎದುರುಬದುರು ಕೂತು ಕಾಯಿ ಒಡೆದು, ಮೆಣಸುಕಾಳಿನಂಥ ಬೀಜಗಳನ್ನು ಬೇರೆ ಮಾಡುತ್ತಿದ್ದರು. ಇಬ್ಬರ ರೆಪ್ಪೆ, ಮೀಸೆ, ತುರುಬಿನ ಮೇಲೆಲ್ಲ ಬಿಳಿ ಬೂರು. ಭಾವ ಸೀನಿದರೆ ಅರ್ಧ ದಿನದ ಕೆಲಸ ಹಾರಿಹೋಗುತ್ತಿತ್ತು. “ಸೀನೋದಿದ್ರೆ ಬಂಗಾರಪೇಟೆಗೋಗಿ ಸೀನ್ಕಂಡ್ ಬನ್ನಿ,” ಎನ್ನುತ್ತಿದ್ದಳು ಅಕ್ಕ. ಅವರು ಮೂಗು ಹಿಡಿದುಕೊಂಡು ಓಡುತ್ತಿದ್ದರು. ಆಮೇಲೆ ಹತ್ತಿಯನ್ನು ಸಣ್ಣ ಕೋಲಿನಿಂದ ಬಡಿದು, ಉಬ್ಬಿಸಿ, ಎರಡು ಪದರಗಳ ನಡುವೆ ಹರಡಿ, ದಬ್ಬಳದಲ್ಲಿ ಅಂಚಿನಿಂದ ನಡುವಿಗೆ ಸುತ್ತಿ ಸುತ್ತಿ ಹೊಲಿದಳು. ತೂಕವೇ ಇಲ್ಲದ ಬೊಂತ; ಮೈಮೇಲೆ ಹಾಕಿಕೊಂಡರೆ ಯಾರೋ ಉಸಿರು ಬಿಟ್ಟಂತಿರುತ್ತಿತ್ತು.

ಗಂಡ ನಡುಗುವುದನ್ನು ನೋಡಲಾರದೆ ಅದನ್ನೇ ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ರಾತ್ರಿ ಜಾರಿ ನೆಲಕ್ಕೆ ಬೀಳಬಾರದೆಂದು ಎರಡೂ ತುದಿಗೆ ದಾರ ಹಾಕಿ ಜೋಲಿಯ ಹಗ್ಗಕ್ಕೆ ಕಟ್ಟಿದಳು. ಬೆಳಗ್ಗೆ ನಾನು ನೋಡಿದಾಗ, ಭಾವ ಮಗ್ಗುಲು ಬದಲಿಸಿದಾಗಲೋ ಗಾಳಿಗೋ ಬೊಂತ ಒಂದು ಪಕ್ಕದಿಂದ ಇಳಿದು, ಸುತ್ತಿ, ಜೋಲಿಯ ಹೊರಗೆ, ಕೆಳಗೆ, ಇನ್ನೊಂದು ಜೋಲಿಯಂತೆ ನೇತಾಡುತ್ತಿತ್ತು. ಮೇಲೆ ಹಳೆ ಕಂಬಳಿಯೊಂದೇ. ಭಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

ಎದ್ದವರೇ ಬೆನ್ನು ಮುಟ್ಟಿ ನೋಡಿಕೊಂಡರು. “ಬಾಮೈದ, ಬೆನ್ನು ಬೆಚ್ಚಗೈತೆ ಕಣಯ್ಯ!” ಎಂದರು, ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ. ನನಗೆ ಆಗ ಹೊಳೆಯಿತು. ಹೊರಗೆ ನೇತಾಡುವ ಬೊಂತದ ಮೇಲೆ ಮೈಭಾರ ಬೀಳುವುದಿಲ್ಲ, ಹತ್ತಿ ಹಪ್ಪಳವಾಗುವುದಿಲ್ಲ, ಉಬ್ಬಿಕೊಂಡೇ ಇದ್ದು ಗಾಳಿಯನ್ನು ತಡೆಯುತ್ತದೆ. ಕರಿಹಲಗೆ ಇದ್ದಿದ್ದರೆ ಅಲ್ಲೇ ಅಡಿಗೆರೆ ಹಾಕುತ್ತಿದ್ದೆ.

ಅಷ್ಟರಲ್ಲಿ ಅಕ್ಕ ಸಗಣಿ ಬುಟ್ಟಿ ಹಿಡಿದು ಬಂದಳು. ನೋಡಿದಳು. ಬುಟ್ಟಿ ಕೈಯಿಂದ ಬಿತ್ತು.

“ಅಯ್ಯೋ ಪಾಪಿಗಳಾ! ನಮ್ಮಪ್ಪನ್ನ ಎಲ್ಲಿ ಕಟ್ಟವ್ರೆ ನೋಡು! ಬಿಚ್ಚಲೇ, ಮೊದ್ಲು ಬಿಚ್ಚಲಾ!”

“ಅಕ್ಕ, ಅದು ತಾನಾಗೇ ತಿರುಗ್ಕಂಡೈತೆ. ಆದ್ರೆ ಕೇಳಿಲ್ಲಿ, ಅದು ಅಲ್ಲೇ ಇದ್ರೇನೆ ಬೆಚ್ಚಗಿರ್ತದೆ…”

“ನಿನ್ ಇಸ್ಕೂಲು ಇಲ್ಲಿ ಬಿಚ್ಚಬೇಡ. ನಮ್ಮಪ್ಪ ಇವ್ರ ಕುಂಡಿ ಕೆಳಗಾ? ನಮ್ಮಮ್ಮನ ಸೀರೆ ಕಾಲ್ ಕೆಳಗಾ?”

ಭಾವ ಇಳಿದು ನಿಂತು, ಕೆಳಗೆ ನೇತಾಡುತ್ತಿದ್ದ ಮಾವನವರನ್ನೂ ಅತ್ತೆಯವರನ್ನೂ ಒಮ್ಮೆ ನೋಡಿ, ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರೇ ಗಂಟು ಬಿಚ್ಚಿ ಅಕ್ಕನ ಕೈಗೆ ಕೊಟ್ಟರು. ಬೊಂತ ಪೆಟ್ಟಿಗೆಗೆ ಹೋಯಿತು.

ಹಾಸುವ ಬೊಂತಗಳಲ್ಲಿ ಹತ್ತಿಯಿಲ್ಲ, ಬರೀ ಚಿಂದಿ; ಕೆಳಗೆ ಕಟ್ಟಿದರೂ ಉಬ್ಬುವುದಿಲ್ಲ. ಕೆಳಗೆ ಕಟ್ಟಲು ಬೇರೆ ಬೊಂತ ಹೊಲಿಯುತ್ತೇನೆ ಎಂದು ಅಕ್ಕನೇ ಹೊರಟಳು. ಬೂರುಗದ ಹತ್ತಿ ಇನ್ನೂ ಒಂದು ಮೂಟೆಯಿತ್ತು. ಬಟ್ಟೆ ಎಲ್ಲಿ? ಅದು ಹಳೆ ಬಟ್ಟೆಗಳಿಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಊರೂರು ಸುತ್ತುತ್ತಿದ್ದ ಕಾಲ. ನಮ್ಮ ಮನೆಯ ಹಳೆ ಬಟ್ಟೆಗಳೆಲ್ಲ ಡಬರಿ, ಜಗ್ಗು, ಸೌಟುಗಳಾಗಿ ಪರಿವರ್ತನೆಗೊಂಡು ಅಡುಗೆಮನೆಯಲ್ಲಿ ಹೊಳೆಯುತ್ತಿದ್ದವು. ನನ್ನ ಹಳೆ ಬಟ್ಟೆ ಎಂದರೆ ನಾನು ತೊಟ್ಟುಕೊಂಡಿದ್ದವೇ. ಬೇರೆ ಮನೆಯವರು ಉಟ್ಟದ್ದು ಬೊಂತಕ್ಕೆ ಸೇರುವಂತಿಲ್ಲ. ಬಂಗಾರಪೇಟೆಯ ಅಂಗಡಿಯಿಂದ ಹೊಸ ಬಟ್ಟೆ ತಂದುಬಿಡುತ್ತೇನೆ ಎಂದೆ.

ಅಕ್ಕ ನನ್ನನ್ನು ದಿಟ್ಟಿಸಿದಳು. “ಒಸಾ ಬಟ್ಟೆ ಬೆನ್ನಡಿ ಆಸಿ ಮಲಗ್ಸೋದು ಯಾರ್ನ ಅಂತ ಗೊತ್ತೈತಾ ನಿಂಗೆ?”

ಗೊತ್ತಿತ್ತು. ನಾವು ಅಪ್ಪನನ್ನು ಚಟ್ಟದ ಮೇಲೆ ಹಾಗೆ ಮಲಗಿಸಿದ್ದೆವು.

ಅವಳ ಎರಡು ಹಳೆ ನೈಲೆಕ್ಸ್ ಸೀರೆ ಇದ್ದವು, ಪಾತ್ರೆಯವಳು ಬೇಡವೆಂದು ವಾಪಸ್ಸು ಎಸೆದವು. ಅದರಲ್ಲಿ ಹೊಲಿದಳು. ದಬ್ಬಳ ಹೋದ ಕಡೆಯೆಲ್ಲ ನೈಲೆಕ್ಸ್ ಸೀಳಿಕೊಂಡಿತು. ಹೊಲಿಗೆ ನಿಲ್ಲಲಿಲ್ಲ. ಜೋಲಿಯ ಕೆಳಗೆ ಕಟ್ಟಿದ ಮಾರನೆಯ ಬೆಳಿಗ್ಗೆ ನೋಡಿದರೆ ಹತ್ತಿಯೆಲ್ಲ ಜಾರಿ ಒಂದು ಮೂಲೆ ಸೇರಿ, ಗುಲಾಬಿ ಹೂವಿನ ಚಿತ್ರವಿರುವ ದೊಡ್ಡ ಬೂದುಗುಂಬಳಕಾಯಿಯಾಗಿ ತೂಗುತ್ತಿತ್ತು. ಸೀಳಿನಿಂದ ಹಾರಿದ ಬೂರು ಹೊಂಗೆಮರದ ಕೆಳಗೆಲ್ಲ ಚೆಲ್ಲಿತ್ತು.

ಡೇರಿಯಿಂದ ಬರುತ್ತಿದ್ದ ಪಕ್ಕದ ಮನೆಯವನು ನಿಂತ. “ಏನ್ ಮೇಷ್ಟ್ರೆ, ನಿಮ್ ಬಾವ ಮೊಟ್ಟೆ ಇಕ್ಕವ್ರಾ?”

ಆ ದಿನ ಜೋಲಿಯೊಳಗಿಂದ ಉತ್ತರದ ಬದಲು ಕೆಮ್ಮು ಬಂತು.

ಉಳಿದದ್ದು ಒಂದೇ. ಭಾವನ ತಗಡಿನ ಟ್ರಂಕಿನಲ್ಲಿ ಗಣಿಗೆ ತೊಟ್ಟು ಹೋಗುತ್ತಿದ್ದ ಖಾಕಿ ಪ್ಯಾಂಟು ಷರ್ಟುಗಳಿದ್ದವು. ಗಟ್ಟಿ ಹತ್ತಿ ಬಟ್ಟೆ, ಒಗೆದು ಒಗೆದು ಮೆತ್ತಗಾದದ್ದು. ಬೊಂತಕ್ಕೆ ಹೇಳಿ ಮಾಡಿಸಿದ್ದು. ಪಾತ್ರೆಯವಳಿಗೂ ಕೊಡದೆ, ತೊಡಲೂ ತೊಡದೆ, ಅವನ್ನೇಕೆ ಇಟ್ಟುಕೊಂಡಿದ್ದರೋ ಗೊತ್ತಿಲ್ಲ. ಅಕ್ಕ ಕೇಳಿದಾಗ ಭಾವ ತಲೆಯಾಡಿಸಿದರು.

“ಅದು ಬೇಡ. ಇನ್ನೇನಾರ ಮಾಡು.”

“ಇನ್ನೇನೈತೆ ಏಳಿ ಮತ್ತೆ? ನನ್ ಸೀರೆ ಉಟ್ಟಿರೋದೂ ಬಿಚ್ಕೊಡ್ಲಾ?”

“ಬೇಡ ಅಂದ್ನಲ್ಲ.”

ಒಂದು ವಾರ ಗಂಡ ಹೆಂಡತಿ ನನ್ನ ಮೂಲಕ ಮಾತಾಡಿದರು. ನಾನು ಅಡುಗೆಮನೆಗೂ ಹಿತ್ತಿಲಿಗೂ ನಡುವೆ ಓಡಾಡುತ್ತ, ಎರಡು ದೇಶಗಳ ಸಂಧಾನಕ್ಕೆ ನಿಂತ ರಾಯಭಾರಿಯ ಗತ್ತಿನಲ್ಲಿ ಸಂದೇಶ ತಲುಪಿಸುತ್ತಿದ್ದೆ. ಚಳಿಗೆ ಈ ಮಾತುಕತೆಯ ಪರಿವೆ ಇರಲಿಲ್ಲ. ಒಂದು ಬೆಳಿಗ್ಗೆ ಭಾವನ ತುಟಿ ನೀಲಿಗಟ್ಟಿದ್ದು ನೋಡಿ ಅಕ್ಕ ಒಲೆಯ ಮುಂದೆ ಕೂತು ಅತ್ತಳು. ಆಗ ಅವರೇ ಎದ್ದು ಹೋಗಿ ಟ್ರಂಕು ತೆರೆದು, ಖಾಕಿಯ ಗಂಟನ್ನು ತಂದು ಅವಳ ಮಡಿಲಿಗೆ ಹಾಕಿದರು.

ಆ ಬೊಂತವನ್ನು ಅವಳು ಎಷ್ಟು ಶ್ರದ್ಧೆಯಿಂದ ಹೊಲಿದಳೆಂದರೆ, ಅಂಥದ್ದನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಬಟ್ಟೆಯನ್ನು ಸೀಗೆಯಲ್ಲಿ ನೆನೆಸಿ ಒಗೆದು, ಬಿಸಿಲಿಗೆ ಹಾಕಿ, ಹೊಲಿಗೆ ಬಿಚ್ಚಿ, ಗುಂಡಿ ಕಿತ್ತು, ಜೇಬುಗಳನ್ನು ತೆಗೆದು ಹಾಳೆ ಮಾಡಿಕೊಂಡಳು. ಎರಡು ಅಂಚಿಗೂ ದಾರ ಎಳೆಯುವಂತೆ ಮಡಿಕೆ ಕೊಟ್ಟಳು. ದಾರ ಬಿಗಿದರೆ ಬೊಂತ ಜೋಲಿಯ ಬೆನ್ನಿಗೆ ಅಂಟಿ ನಿಲ್ಲುತ್ತಿತ್ತು, ನಡುವೆ ಗಾಳಿ ನುಗ್ಗಲು ಸಂದು ಇರುತ್ತಿರಲಿಲ್ಲ. ಕಟ್ಟಿದ ಮೇಲೆ ನಾನು ಹತ್ತಿ ಮಲಗಿ ನೋಡಿದೆ. ಕೋಳಿಯ ಹೊಟ್ಟೆಯಡಿ ಕೂತ ಹಾಗಿತ್ತು.

ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋದರೆ ಭಾವ ಜೋಲಿಯಲ್ಲಿರಲಿಲ್ಲ. ಬಾವಿಕಟ್ಟೆಯ ಮೇಲೆ ಕಂಬಳಿ ಸುತ್ತಿಕೊಂಡು ಕೂತಿದ್ದರು. ಅಕ್ಕ ಕಾಫಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

“ಬೆಚ್ಚಗಿರ್ಲಿಲ್ವಾ?” ಎಂದು ಕೇಳಿದೆ.

“ಬೆಚ್ಚಗಿತ್ತು. ಭಾಳ ಬೆಚ್ಚಗಿತ್ತು.” ಕಾಫಿ ಕುಡಿದು ಲೋಟ ಕೆಳಗಿಟ್ಟರು. “ಕೆಳ್ಗಡೆ ಅಂಗೇ ಇರೋದು ಕಣಯ್ಯ, ಬೆಚ್ಚಗೆ. ಅದೇ ಬಟ್ಟೆ, ಅದೇ ಸೆಕೆ. ಕಣ್ಣು ಮುಚ್ಚಿದ್ರೆ ಷಿಫ್ಟಿಗೆ ಓದಂಗೆ ಆಯ್ತದೆ.”

ಅಕ್ಕ ಒಳಗೆ ಹೋದಳು. ಪೆಟ್ಟಿಗೆ ತೆರೆದ ಸದ್ದಾಯಿತು. ಹಿರಿಯರ ಬೊಂತವನ್ನು ಎದೆಗೆ ಅವುಚಿಕೊಂಡು ಬಂದವಳು, ನಮ್ಮ ಕಡೆ ನೋಡದೆ, ನೇರವಾಗಿ ಹೊಂಗೆಮರದ ಹತ್ತಿರ ಹೋಗಿ ಖಾಕಿಯದನ್ನು ಬಿಚ್ಚತೊಡಗಿದಳು.

“ನಮ್ಮಪ್ಪಂಗೆ ನಾನು ಏಳ್ಕಂತೀನಿ,” ಎಂದಳು. “ಕೆಳ್ಗೇ ಕಟ್ಕಳಿ. ಅವ್ರೇನೂ ಅನ್ಕಳಲ್ಲ.”

ನನ್ನ ಅಕ್ಕನ ಬಾಯಿಂದ ಅಂಥ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ತುಳಿದರೆ ಕಣ್ಣಿಗೊತ್ತಿಕೊಳ್ಳುವವಳು ಅವಳು. ಭಾವ ಎದ್ದು ಹೋಗಿ ಅವಳ ಕೈಯಿಂದ ದಾರ ಬಿಡಿಸಿಕೊಂಡರು.

“ಬೇಡಮ್ಮಿ. ಅವತ್ತು ಗೊತ್ತಿಲ್ದೆ ನಿದ್ದೆ ಬಂತು. ಗೊತ್ತಿದ್ದೂ ಮಾವನ್ನ ಬೆನ್ನಡಿ ಇಕ್ಕಂಡು ನಿದ್ದೆ ಓಗಕಾಯ್ತದಾ? ನಂಗೆ ಎಣ್ಣು ಕೊಟ್ಟೋರು ಅವ್ರು.”

“ನಾನೇ ಏಳ್ತಾ ಇದೀನಲ್ಲ!”

“ನೀನ್ ಏಳಿದ್ರೂ ಅಷ್ಟೇ.”

ಈಗ ಎಷ್ಟೋ ವರ್ಷಗಳ ಮೇಲೆ ಕೂತು ಯೋಚಿಸುವಾಗ ನನಗನ್ನಿಸುವುದು ಇಷ್ಟು: ಅವರಿಬ್ಬರಲ್ಲಿ ಯಾರಾದರೂ ಒಬ್ಬರು ಸ್ವಲ್ಪ ಕಡಿಮೆ ಮರ್ಯಾದಸ್ಥರಾಗಿದ್ದರೆ ಆ ಮನುಷ್ಯ ನಿದ್ದೆ ಮಾಡುತ್ತಿದ್ದರು. ಅಕ್ಕ ಮೊದಲ ದಿನವೇ ನೋಡಿಯೂ ನೋಡದಂತೆ ಕೊಟ್ಟಿಗೆಗೆ ಹೋಗಿದ್ದರೆ ಸಾಕಿತ್ತು. ಬೊಂತ ಕೆಳಗಿದ್ದದ್ದು ಮೂರು ಜನಕ್ಕೆ ಗೊತ್ತಿರುತ್ತಿತ್ತು, ಮೂವರೂ ಗೊತ್ತಿಲ್ಲದವರ ಹಾಗೆ ಇರುತ್ತಿದ್ದೆವು. ಸಂಸಾರಗಳು ನಡೆಯುವುದು ಬಹುಪಾಲು ಹಾಗೆಯೇ. ಆದರೆ ಒಮ್ಮೆ ಬಾಯಿ ಬಿಟ್ಟು ಆಡಿದ ಮಾತು ಹೊಂಗೆಮರಗಳ ನಡುವೆ ನಿಂತುಬಿಟ್ಟಿತು. ಆಡಿದವಳೇ ವಾಪಸ್ಸು ತೆಗೆದುಕೊಳ್ಳಲು ಬಂದರೂ ಅದು ಹೋಗಲಿಲ್ಲ.

ಆ ದಿನ ಸಂಜೆ ಭಾವ ತಮ್ಮ ದಿಂಬು ಎತ್ತಿಕೊಂಡು ಮನೆಯೊಳಗೆ ಬಂದರು. ಮಲಗಲಿಲ್ಲ, ಬಾಗಿಲ ಪಕ್ಕದ ಗೋಡೆಗೆ ಒರಗಿ, ಕಾಲು ನೀಡಿ ಕೂತರು. ಅಕ್ಕ ಅಪ್ಪ ಅಮ್ಮನ ಬೊಂತವನ್ನು ಅವರ ಮೇಲೆ ಹೊದಿಸಿದಳು. ಅವರು ಕಣ್ಣು ಮುಚ್ಚಿದ್ದರು, ಆದರೆ ತೊಲೆಯಲ್ಲಿ ಹುಳು ಕೊರೆದಾಗ ರೆಪ್ಪೆ ಅದುರಿತು. ಕೆಮ್ಮು ನಿಂತಿತು, ಬೆನ್ನು ಬೆಚ್ಚಗಾಯಿತು, ತುಟಿಯ ನೀಲಿ ಹೋಯಿತು. ಹಗಲು ಹಸು ಮೇಯಿಸುವಾಗ ನಿಂತಲ್ಲೇ ತೂಕಡಿಸುತ್ತಿದ್ದರು. ಪಕ್ಕದ ಮನೆಯವನೇ ಒಂದೆರಡು ಸಲ ಹಸುಗಳನ್ನು ಬೇರೆಯವರ ರಾಗಿ ಮೆದೆಯಿಂದ ಎಬ್ಬಿಸಿ ಹೊಡೆದುಕೊಂಡು ಬಂದ. ತಮಾಷೆ ಮಾಡಲಿಲ್ಲ.

ಚಳಿ ಕಳೆದು ಹೊಂಗೆ ಚಿಗುರಿದಾಗ ನಾನೇ ಕೇಳಿದೆ.

“ಬಾವ, ಇನ್ನು ಜೋಲಿ ಕಟ್ಟಾಣ. ಸೆಕೆ ಬಂತಲ್ಲ.”

ಅವರು ಹಸುವಿನ ಮೈ ತಿಕ್ಕುತ್ತಿದ್ದರು. ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಮತ್ತೆ ಮಾಗಿ ಬರ್ತದಲ್ಲ ಬಾಮೈದ. ಆಗ ಮತ್ತೆ ಒಳಕ್ಕೆ ಬರ್ಬೇಕು. ಒಂದ್ಸಲ ಇಳಿದಾಯ್ತು. ಮೇಲಕ್ಕೆ ಬಂದು ಗಾಳಿ ಕುಡಿದು ಮತ್ತೆ ಇಳಿಯೋದೈತಲ್ಲ, ಅದು ಕಷ್ಟ.”

ನಾನು ಒತ್ತಾಯ ಮಾಡಲಿಲ್ಲ. ಅಕ್ಕ ಆ ವರ್ಷ ಬೇಲಿಯ ಬೂರುಗದ ಕಾಯಿಗಳನ್ನು ಕೀಳಿಸಲಿಲ್ಲ. ಅವು ಮರದಲ್ಲೇ ಒಡೆದು ಹತ್ತಿ ಊರ ಮೇಲೆಲ್ಲ ಹಾರಿತು.

ಭಾವ ಅದಾದ ಮೇಲೆ ಹತ್ತು ಹನ್ನೆರಡು ವರ್ಷ ಬದುಕಿದ್ದರು. ಹೊರಗೆ ಮಲಗಲಿಲ್ಲ.